ಆಕ್ಸಿಜನ್ ಸೆನ್ಸರ್ ಕೋಡ್ ಬಂದಿದೆಯಾ? ಟರ್ಬೊ ಎಸ್‌ಯುವಿ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್. ವೈರಿಂಗ್ ಮತ್ತು ಸ್ಕ್ಯಾನಿಂಗ್ ಮುಖ್ಯ ಕೆಲಸ. ಮೊದಲೆಲ್ಲ ಎಸ್ಟೇಟ್ ಜೀಪು, ಪಿಕಪ್ ಗಾಡಿಗಳೇ ಜಾಸ್ತಿ ಬರುತ್ತಿದ್ದವು. ಈಗ ಆಲ್ದೂರು, ಮೂಡಿಗೆರೆ, ಬೇಲೂರು ಕಡೆಯವರೂ ಟರ್ಬೊ ಪೆಟ್ರೋಲ್ ಎಸ್‌ಯುವಿ ತರುತ್ತಾರೆ. ಬಾನೆಟ್ ಎತ್ತುವ ಮೊದಲೇ ಫೋನಿನ ಸ್ಕ್ಯಾನ್ ಆ್ಯಪಿನಲ್ಲಿ ಬಂದ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ನಂಬರ್) ತೋರಿಸಿ, "ಓ-ಟು ಸೆನ್ಸರ್ ಹೋಗಿದೆ, ತರಿಸಿಬಿಡಿ" ಅನ್ನುತ್ತಾರೆ. ತರಿಸುವುದು ಸುಲಭ. ಆದರೆ ಸೆನ್ಸರ್ ನೆಟ್ಟಗಿದ್ದು ಬೇರೆ ಏನೋ ಕೆಟ್ಟಿರುವ ಗಾಡಿಗಳನ್ನು ಎಷ್ಟು ನೋಡಿದ್ದೇನೆ ಅಂದರೆ, ಆ ಮಾತು ಕೇಳಿದ ಕೂಡಲೇ ನನ್ನ ಕೈ ಟಾರ್ಚ್ ಹುಡುಕುತ್ತದೆ. ದಿನಾ ಹೇಳುವ ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ಬಾಯಿಗಾದರೂ ಸ್ವಲ್ಪ ವಿಶ್ರಾಂತಿ, ಅಲ್ವಾ?

ಚೆಕ್ ಇಂಜಿನ್ ಲೈಟ್ ಬಂದಿದೆ. ಗಾಡಿ ಓಡಿಸಬಹುದಾ?

ಲೈಟ್ ಒಂದೇ ಸಮ ಉರಿಯುತ್ತಿದೆಯೋ, ಮಿಣುಕುತ್ತಿದೆಯೋ ನೋಡಿ. ಒಂದೇ ಸಮ ಉರಿಯುತ್ತಿದ್ದು, ಪಿಕಪ್, ಸದ್ದು, ಟೆಂಪರೇಚರ್ ಎಲ್ಲ ಮಾಮೂಲಿ ಇದ್ದರೆ ನಿಧಾನವಾಗಿ ಮನೆಗೋ ಗ್ಯಾರೇಜಿಗೋ ಹೋಗಬಹುದು. ಮಿಣುಕುತ್ತಿದ್ದರೆ ಅದು ಮಿಸ್‌ಫೈರ್. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ. ಅದು ಕರಗಿದರೆ ಆಗುವ ಖರ್ಚಿನ ಮುಂದೆ ಸೆನ್ಸರ್ ಬೆಲೆ ಏನೂ ಅಲ್ಲ. ಆಗ ಜಾಗ ನೋಡಿ ನಿಲ್ಲಿಸಿ, ಫೋನ್ ಮಾಡಿ.

ಹಾಗಂತ ಒಂದೇ ಸಮ ಉರಿಯುವ ಲೈಟನ್ನು ಎರಡು ತಿಂಗಳು ನೋಡಿಕೊಂಡು ಓಡಿಸಬೇಡಿ. ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಗಿಯೇ ಓಡಿದರೆ ಮೈಲೇಜ್ ಬೀಳುತ್ತದೆ, ಕನ್ವರ್ಟರ್ ಬೇಗ ಹಾಳಾಗುತ್ತದೆ.

ಈ ಸೆನ್ಸರ್ ಮಾಡುವ ಕೆಲಸ ಏನು? ಎಷ್ಟಿರುತ್ತವೆ?

ಬಚ್ಚಲೊಲೆಗೆ ಹಸಿ ಸೌದೆ ತುರುಕಿದರೆ ಹೊಗೆ ನೋಡಿಯೇ ಅಮ್ಮ ಬೈಯುತ್ತಿದ್ದರು. ಒಲೆ ಒಳಗೆ ಬಗ್ಗಿ ನೋಡುತ್ತಿರಲಿಲ್ಲ. ಈ ಸೆನ್ಸರ್ ಕೂಡ ಹಾಗೆಯೇ. ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ನೋಡಿ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರ್) ಹೇಳುತ್ತದೆ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಅಳತೆಯನ್ನು ಲ್ಯಾಂಬ್ಡಾ 1 ಅನ್ನುತ್ತಾರೆ. ಗಾಳಿ ಜಾಸ್ತಿಯಾದರೆ ಲೀನ್, ಪೆಟ್ರೋಲ್ ಜಾಸ್ತಿಯಾದರೆ ರಿಚ್.

ನಮ್ಮಲ್ಲಿ ಓಡುವ ಟರ್ಬೊ ಪೆಟ್ರೋಲ್ ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್ ಇರುತ್ತವೆ. ಮುಂದಿನದು ಟರ್ಬೊ ದಾಟಿದ ಮೇಲೆ, ಕನ್ವರ್ಟರ್‌ಗೆ ಮೊದಲು. ಹಿಂದಿನದು ಕನ್ವರ್ಟರ್ ಆದ ಮೇಲೆ. ಪೆಟ್ರೋಲ್ ಎಷ್ಟು ಬಿಡಬೇಕೆಂದು ಇಸಿಯು ನಿರ್ಧರಿಸುವುದು ಮುಂದಿನದನ್ನು ಕೇಳಿ. ಹಿಂದಿನದು ಮುಖ್ಯವಾಗಿ ಕನ್ವರ್ಟರ್ ಕೆಲಸ ಮಾಡುತ್ತಿದೆಯಾ ಎಂದು ಕಾಯುವ ಕಾವಲುಗಾರ.

ಕೋಡ್ ವಿವರದಲ್ಲಿ "ಬ್ಯಾಂಕ್ 1 ಸೆನ್ಸರ್ 1" ಎಂದರೆ ಮುಂದಿನದು, "ಬ್ಯಾಂಕ್ 1 ಸೆನ್ಸರ್ 2" ಎಂದರೆ ಹಿಂದಿನದು. ಸಾಲಾಗಿ ನಿಂತ ಮೂರು ಅಥವಾ ನಾಲ್ಕು ಸಿಲಿಂಡರಿನ ಇಂಜಿನ್‌ಗೆ ಇರುವುದು ಒಂದೇ ಬ್ಯಾಂಕ್, ಅಂದರೆ ಸಿಲಿಂಡರುಗಳ ಒಂದೇ ಸಾಲು. ಅಂಥ ಗಾಡಿಗೆ ನಿಮ್ಮ ಆ್ಯಪ್ ಬ್ಯಾಂಕ್ 2 ಅಂದರೆ ಮೊದಲು ಆ್ಯಪನ್ನೇ ಅನುಮಾನಿಸಿ.

ಪಿ 0135 ಅಂತ ಬಂದಿದೆ. ಸೆನ್ಸರ್ ಹೋಯಿತು ಅಂತ ಅರ್ಥ ತಾನೇ?

ಅಲ್ಲ. ಮುಂದಿನ ಸೆನ್ಸರ್‌ನ ಹೀಟರ್ ಸರ್ಕ್ಯೂಟಿನಲ್ಲಿ ಇಸಿಯುಗೆ ಏನೋ ಸರಿ ಕಾಣಲಿಲ್ಲ, ಅಷ್ಟೇ ಅದರ ಅರ್ಥ. ಸರ್ಕ್ಯೂಟ್ ಅಂದರೆ ಫ್ಯೂಸ್, ರಿಲೇ, ಮಾರುದ್ದ ವೈರು, ಕಪ್ಲರ್ (ವೈರ್ ಜೋಡಿಸುವ ಪ್ಲಗ್), ಹೀಟರ್, ಇಸಿಯು ಎಲ್ಲ ಸೇರಿ. ಕೋಡ್ ಬೀದಿಯ ಹೆಸರು ಹೇಳುತ್ತದೆ, ಮನೆ ನಂಬರ್ ಹೇಳುವುದಿಲ್ಲ.

ಹೀಟರ್ ಯಾಕೆ ಬೇಕು ಅಂದರೆ, ಒಳಗಿರುವ ಜಿರ್ಕೋನಿಯಾ ಪಿಂಗಾಣಿ ತಣ್ಣಗಿದ್ದಾಗ ಕೆಲಸ ಮಾಡುವುದಿಲ್ಲ. ಹಳೇ ಬಗೆಯದಕ್ಕೆ 300 ಡಿಗ್ರಿಗಿಂತ ಮೇಲೆ ಕಾವು ಬೇಕು. ಈಗಿನ ವೈಡ್‌ಬ್ಯಾಂಡ್ ಸೆನ್ಸರ್ (ಎಷ್ಟು ಲೀನ್, ಎಷ್ಟು ರಿಚ್ ಎಂದೂ ಅಳೆಯುವಂಥದ್ದು) 700 ಡಿಗ್ರಿ ಮೀರಿದ ಬಿಸಿಯಲ್ಲೇ ಇರುತ್ತದೆ. ಸೈಲೆನ್ಸರ್ ಬಿಸಿಯಾಗುವ ತನಕ ಕಾಯಲಾಗದು, ಅದಕ್ಕೇ ಒಳಗೊಂದು ಹೀಟರ್.

ಕೋಡ್‌ಗಳನ್ನು ನಾನು ಮೂರು ಗುಂಪು ಮಾಡಿ ನೋಡುತ್ತೇನೆ. ಪಿ 0135, ಪಿ 0141, ಪಿ 0030ರಿಂದ 0032, ಪಿ 0036ರಿಂದ 0038 ಇವೆಲ್ಲ ಹೀಟರ್ ಕಡೆಯವು. ಇವಕ್ಕೆ ಮಲ್ಟಿಮೀಟರ್ ಸಾಕು. ಪಿ 0131, 0132, 0134, ಪಿ 2237 ಸಿಗ್ನಲ್ ವೈರಿನ ಕಡೆಯವು. ಓಲ್ಟೇಜ್ ತೀರಾ ಕಡಿಮೆ, ತೀರಾ ಜಾಸ್ತಿ, ಇಲ್ಲವೇ ಇಲ್ಲ, ಹೀಗೆ. ಮೂರನೆಯ ಗುಂಪು ತಲೆ ತಿನ್ನುವಂಥದ್ದು: ಪಿ 2195 ಅಂದರೆ ಲೀನ್ ಕಡೆ ಅಂಟಿಕೊಂಡಿದೆ, ಪಿ 2196 ಅಂದರೆ ರಿಚ್ ಕಡೆ ಅಂಟಿಕೊಂಡಿದೆ, ಪಿ 0133 ಅಂದರೆ ಉತ್ತರ ನಿಧಾನ. ಇವುಗಳಲ್ಲಿ ಮೊದಲ ಎರಡರಲ್ಲಿ ಸೆನ್ಸರ್ ನಿಜ ಹೇಳುತ್ತಿರುವ ಸಾಧ್ಯತೆಯೇ ಜಾಸ್ತಿ. ನಿಜವಾಗಿಯೂ ಇಂಜಿನ್ ಲೀನ್ ಓಡುತ್ತಿದ್ದರೆ ಪಾಪ ಅದು ಇನ್ನೇನು ಹೇಳಬೇಕು? ಅದನ್ನು ಕಿತ್ತು ಹೊಸದು ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಹಾಗಾದರೆ ಮೊದಲು ಏನು ನೋಡಬೇಕು?

ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ನೋಡಿ, ಫೋಟೋ ತೆಗೆದಿಡಿ. ತಪ್ಪು ಕಂಡ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಇಂಜಿನ್ ಬಿಸಿ ಎಷ್ಟಿತ್ತು, ವೇಗ, ಲೋಡ್, ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿದ ಲೆಕ್ಕ) ಎಲ್ಲ ಅದರಲ್ಲಿ ಇರುತ್ತದೆ. ಕೋಡ್ ಅಳಿಸಿದ ಕೂಡಲೇ ಅದೂ ಹೋಗುತ್ತದೆ. "ಬರುವಾಗ ಅಳಿಸಿಕೊಂಡೇ ಬಂದೆ" ಎಂದು ಹೆಮ್ಮೆಯಿಂದ ಹೇಳುವವರನ್ನು ಕಂಡರೆ ನನಗೆ ಅಳು ಬರುತ್ತದೆ.

ಆಮೇಲೆ ಜೊತೆಗೆ ಬೇರೆ ಕೋಡ್ ಇದೆಯಾ ನೋಡಿ. ಮುಂದಿನದು, ಹಿಂದಿನದು ಎರಡರ ಹೀಟರ್ ಕೋಡೂ ಒಟ್ಟಿಗೆ ಬಂದಿದ್ದರೆ ಎರಡೂ ಸೆನ್ಸರ್ ಒಂದೇ ದಿನ ಸಾಯುವುದಿಲ್ಲ. ಫ್ಯೂಸ್ ನೋಡಿ. ಹಲವು ಗಾಡಿಗಳಲ್ಲಿ ಇದೇ ಫ್ಯೂಸಿನಿಂದ ಪರ್ಜ್ ವಾಲ್ವಿನಂಥ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಬಿಡುವ ವಾಲ್ವ್) ಬೇರೆ ಭಾಗಗಳಿಗೂ ಕರೆಂಟ್ ಹೋಗುತ್ತದೆ. ಅವುಗಳ ಕೋಡೂ ಜೊತೆಗಿದ್ದರೆ ಇನ್ನೂ ಸುಲಭ.

ಫ್ಯೂಸ್ ಚೆನ್ನಾಗಿದ್ದರೆ ಟಾರ್ಚ್ ಹಿಡಿದು ವೈರ್ ಹಾದಿ ನೋಡಿ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಇಲಿ. ಒಬ್ಬರು ಮೂಡಿಗೆರೆ ಹತ್ತಿರದಿಂದ ಗಾಡಿ ತಂದಿದ್ದರು. ಬೇರೆ ಕಡೆ ಮುಂದಿನ ಸೆನ್ಸರ್ ಬದಲಾಯಿಸಿದ್ದರು. ಎರಡೇ ದಿನಕ್ಕೆ ಪಿ 0135 ವಾಪಸ್. "ಗಾಡಿ ಎಲ್ಲಿ ನಿಲ್ಲಿಸುತ್ತೀರಿ?" ಎಂದು ಕೇಳಿದೆ. "ಕಣದ ಪಕ್ಕದ ಶೆಡ್ಡಿನಲ್ಲಿ, ಕಾಫಿ ಮೂಟೆ ಇಡ್ತೀವಲ್ಲ ಅಲ್ಲೇ" ಅಂದರು. ಮುಕ್ಕಾಲು ಉತ್ತರ ಅಲ್ಲೇ ಸಿಕ್ಕಿತು. ಗೇರ್‌ಬಾಕ್ಸ್ ಮೇಲೆ ಹಾದು ಹೋಗುವ ಜಾಗದಲ್ಲಿ ಹೀಟರ್ ವೈರಿನ ಪ್ಲಾಸ್ಟಿಕ್ ತಿಂದು, ತಾಮ್ರದ ಎರಡೇ ಎಳೆ ಉಳಿದಿದ್ದವು. ಗಾಡಿ ನಿಂತಾಗ ಮೀಟರ್‌ಗೆ ಎಲ್ಲ ಸರಿ. ಗುಂಡಿ ರಸ್ತೆಯಲ್ಲಿ ಅಲ್ಲಾಡಿದಾಗ ಕಟ್. ಪಕ್ಕದಲ್ಲೇ ಅರ್ಧ ತಿಂದ ಗೋಡಂಬಿ ಹಣ್ಣು. ಸಾಕ್ಷಿ ಸಮೇತ ಸಿಕ್ಕಿಬಿದ್ದ ಕಳ್ಳ!

ಇನ್ನೊಂದು ಮಾಮೂಲಿ ಕಾರಣ ಮನುಷ್ಯರ ಕೈ. ಕ್ಲಚ್ ಕೆಲಸವೋ ಟರ್ಬೊ ಕೆಲಸವೋ ಆದ ಮೇಲೆ ವೈರ್ ಹಿಡಿಯುವ ಕ್ಲಿಪ್ ವಾಪಸ್ ಹಾಕಿರುವುದಿಲ್ಲ. ವೈರ್ ಜೋತುಬಿದ್ದು ಟರ್ಬೊ ಕೆಳಗಿನ ಪೈಪಿಗೆ ತಾಗಿ ಕರಗುತ್ತದೆ. ಇತ್ತೀಚೆಗೆ ಏನಾದರೂ ಕೆಲಸ ಮಾಡಿಸಿದ್ದರೆ ಮುಚ್ಚಿಡದೆ ಹೇಳಿ.

ಹೀಟರನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದಾ?

ಇಂಜಿನ್ ಪೂರ್ತಿ ತಣ್ಣಗಿದ್ದಾಗ, ಕಪ್ಲರ್ ಕೈಗೆ ಸಿಗುವ ಜಾಗದಲ್ಲಿದ್ದರೆ, ಮಾಡಬಹುದು. ಟರ್ಬೊ ಗಾಡಿಯಲ್ಲಿ "ತಣ್ಣಗೆ" ಅಂದರೆ ರಾತ್ರಿ ನಿಲ್ಲಿಸಿ ಬೆಳಗ್ಗೆ ನೋಡುವುದು. ಅರ್ಧ ಗಂಟೆ ಬಿಟ್ಟು ಕೈ ಹಾಕಿದರೆ ಚರ್ಮ ಅಲ್ಲೇ ಅಂಟಿಕೊಳ್ಳುತ್ತದೆ.

ಕಪ್ಲರ್ ಬಿಚ್ಚಿ, ಸೆನ್ಸರ್ ಕಡೆಯ ಎರಡು ಹೀಟರ್ ಪಿನ್ ನಡುವೆ ಓಮ್ ಅಳೆಯಿರಿ. ಯಾವ ಪಿನ್ ಹೀಟರಿನದು ಎಂದು ನಿಮ್ಮ ಗಾಡಿಯ ವೈರಿಂಗ್ ಚಿತ್ರ ನೋಡಿಯೇ ತಿಳಿಯಬೇಕು. ಬಣ್ಣ ಕಂಪನಿಗೊಂದು ಥರ. ಚೆನ್ನಾಗಿರುವ ಹೀಟರ್ ಕೆಲವೇ ಓಮ್ ತೋರಿಸುತ್ತದೆ. ಉದಾಹರಣೆಗೆ ತುಂಬ ಗಾಡಿಗಳಲ್ಲಿ ಬರುವ ಬಾಷ್‌ನ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡಿಗೆ ತಣ್ಣಗಿದ್ದಾಗ ಸುಮಾರು 3.2 ಓಮ್. ಮೀಟರ್ ಓಪನ್, ಅಂದರೆ ಒಳಗೆ ತುಂಡಾಗಿದೆ ಎಂದು ತೋರಿಸಿದರೆ ಹೀಟರ್ ಕತೆ ಮುಗಿದಿದೆ. ಆಗ ಹೊಸ ಸೆನ್ಸರ್ ತರಿಸಿ, ನನ್ನ ತಕರಾರಿಲ್ಲ.

ಓಮ್ ಸರಿ ಇದ್ದರೆ ಗಾಡಿ ಕಡೆಯ ಕಪ್ಲರಿನಲ್ಲಿ ಕರೆಂಟ್ ಬರುತ್ತಿದೆಯಾ ನೋಡಿ. ಇಲ್ಲಿ ನನಗೆ ಮೀಟರಿಗಿಂತ ಟೆಸ್ಟ್ ಲ್ಯಾಂಪ್ ಮೇಲೆ ನಂಬಿಕೆ ಜಾಸ್ತಿ. ತಾಮ್ರದ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ. ಬಲ್ಬಿಗೆ ನಿಜವಾದ ಕರೆಂಟ್ ಬೇಕು, ಅದು ಮಂಕಾಗಿ ಉರಿದು ಗುಟ್ಟು ಬಿಟ್ಟುಕೊಡುತ್ತದೆ. ಆದರೆ ಲ್ಯಾಂಪ್ ಹಚ್ಚುವುದು ಫ್ಯೂಸಿನಿಂದ ಬರುವ ವೈರಿಗೆ ಮಾತ್ರ. ಇಸಿಯು ಕಡೆಗೆ ಹೋಗುವ ಸಿಗ್ನಲ್ ವೈರಿಗೆ ಹಚ್ಚಿದರೆ ಇಸಿಯು ಸುಟ್ಟೀತು.

ಆನ್‌ಲೈನಿನಲ್ಲಿ ಸಿಗುವ ಬ್ಲೂಟೂತ್ ಅಡಾಪ್ಟರ್ ಸಾಕಾ?

ಕೋಡ್ ಓದಲು, ಫ್ರೀಜ್ ಫ್ರೇಮ್ ನೋಡಲು, ಟ್ರಿಮ್ ನೋಡಲು ಸಾಕು. ಸ್ಟೇರಿಂಗ್ ಕೆಳಗಿನ 16 ಪಿನ್ ಪೋರ್ಟಿಗೆ ಹಾಕಿದರೆ ಆಯಿತು. ತೊಂದರೆ ಬರುವುದು ಮುಂದಿನ ಸೆನ್ಸರ್ ಓದುವಾಗ.

ಹಳೇ ಬಗೆಯ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಯೂಟ್ಯೂಬಿನ ಹಲವು ವಿಡಿಯೋಗಳು ಅದನ್ನೇ ತೋರಿಸುತ್ತವೆ. ವೈಡ್‌ಬ್ಯಾಂಡ್ ಕುಣಿಯುವುದಿಲ್ಲ. ಬಿಸಿ ಇಂಜಿನ್ ಐಡಲ್‌ನಲ್ಲಿದ್ದಾಗ ಲ್ಯಾಂಬ್ಡಾ 1ರ ಆಚೀಚೆ ತಣ್ಣಗೆ ಕೂತಿರುತ್ತದೆ. "ಗೆರೆ ನೆಟ್ಟಗಿದೆ, ಸೆನ್ಸರ್ ಸತ್ತಿದೆ" ಎಂದು ತೀರ್ಮಾನ ಮಾಡಿ ಬರುವವರು ಇದ್ದಾರೆ. ಆ್ಯಪಿನಲ್ಲಿ ವೋಲ್ಟ್ ಬಿಟ್ಟು ಲ್ಯಾಂಬ್ಡಾ ಅಥವಾ ಈಕ್ವಿವಲೆನ್ಸ್ ರೇಷಿಯೋ ಎಂಬುದನ್ನು ಆರಿಸಿಕೊಳ್ಳಿ.

ಹಿಂದಿನ ಸೆನ್ಸರ್ ಈಗಲೂ ಹೆಚ್ಚಾಗಿ ಹಳೇ ಬಗೆಯದೇ. ಕನ್ವರ್ಟರ್ ಚೆನ್ನಾಗಿದ್ದರೆ ಸಮ ವೇಗದಲ್ಲಿ ಅದು 0.6, 0.7 ವೋಲ್ಟ್ ಹತ್ತಿರ ಹೆಚ್ಚು ಅಲ್ಲಾಡದೆ ನಿಲ್ಲುತ್ತದೆ.

ಲೀನ್ ಕೋಡ್ ಬಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆಯೋ, ಇಂಜಿನ್ನೇ ಲೀನ್ ಇದೆಯೋ ಹೇಗೆ ತಿಳಿಯುವುದು?

ಇದೇ ನನಗೆ ಇಷ್ಟದ ಪ್ರಶ್ನೆ. ಒಂದು ಸಲ ಇದರಲ್ಲಿ ದುಡ್ಡು ಕಳೆದುಕೊಂಡಿದ್ದೇನೆ ಕೂಡ.

ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕವೇ ಫ್ಯೂಯಲ್ ಟ್ರಿಮ್. ಶಾರ್ಟ್ ಟರ್ಮ್ ಎಂದರೆ ಈ ಕ್ಷಣದ್ದು, ಲಾಂಗ್ ಟರ್ಮ್ ಎಂದರೆ ರೂಢಿಯಾದದ್ದು. ಎರಡನ್ನೂ ಕೂಡಿಸಿ. ಪ್ಲಸ್ ಅಥವಾ ಮೈನಸ್ ಹತ್ತರೊಳಗೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ಲಸ್ 20 ದಾಟಿದರೆ ಇಂಜಿನ್ ಎಲ್ಲೋ ಹೆಚ್ಚುವರಿ ಗಾಳಿ ಕುಡಿಯುತ್ತಿದೆ, ಅಥವಾ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಸೆನ್ಸರ್ ಸುಳ್ಳು ಹೇಳುತ್ತಿದೆ.

ಐಡಲ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ ನೋಡಿ. ಐಡಲ್‌ನಲ್ಲಿ ಪ್ಲಸ್ 20, ಮೇಲೆ ಹೋದಾಗ ಪ್ಲಸ್ 4 ಆದರೆ ಎಲ್ಲೋ ಗಾಳಿ ಸೋರುತ್ತಿದೆ. ಸಣ್ಣ ತೂತು ಐಡಲ್‌ನಲ್ಲಿ ದೊಡ್ಡ ಪಾಲು, ಇಂಜಿನ್ ಜಾಸ್ತಿ ಗಾಳಿ ಎಳೆಯುವಾಗ ಲೆಕ್ಕಕ್ಕೇ ಇಲ್ಲ. ಪಿಸಿವಿ ಹೋಸ್ (ಇಂಜಿನ್ ಒಳಗಿನ ಆವಿ ಎಳೆಯುವ ಪೈಪ್), ಇನ್‌ಟೇಕ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಪೈಪ್ ನೋಡಿ. ತಿರುಗಾಮುರುಗ ಆಗಿ, ಐಡಲ್ ಸರಿಯಿದ್ದು ಏರು ಹತ್ತುವಾಗ ಟ್ರಿಮ್ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಪಂಪ್, ಫಿಲ್ಟರ್ ಕಡೆ ಹೋಗಿ.

ಈಗ ಸುಳ್ಳು ಹಿಡಿಯುವ ಉಪಾಯ. ಹಿಂದಿನ ಸೆನ್ಸರನ್ನು ಸಾಕ್ಷಿಗೆ ಕರೆಯಿರಿ. ಮುಂದಿನದು "ಲೀನ್, ಲೀನ್" ಎಂದು ಕೂಗುತ್ತದೆ, ಇಸಿಯು ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ. ಅದು ಸುಳ್ಳಾಗಿದ್ದರೆ ನಿಜವಾದ ಮಿಶ್ರಣ ರಿಚ್ ಆಗಿಬಿಡುತ್ತದೆ. ಆಗ ಹಿಂದಿನ ಸೆನ್ಸರ್ 0.8, 0.9 ವೋಲ್ಟಿನಲ್ಲಿ ಅಂಟಿಕೊಂಡು ಕೂರುತ್ತದೆ. ಮುಂದಿನದು ಲೀನ್, ಹಿಂದಿನದು ರಿಚ್ ಅಂದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಎರಡೂ ಲೀನ್ ಅಂದರೆ ಇಂಜಿನ್ ನಿಜವಾಗಿ ಲೀನ್.

ನಾನು ಎಡವಿದ್ದು ಇಲ್ಲೇ. ಮುಂದಿನದು ಲೀನ್, ಹಿಂದಿನದು ರಿಚ್ ಇತ್ತು. ಸಿಕ್ಕಿಬಿದ್ದ ಎಂದು ಖುಷಿಯಾಗಿ ಮುಂದಿನ ಸೆನ್ಸರ್ ಬದಲಾಯಿಸಿದೆ. ಮರುದಿನ ಅದೇ ಪಿ 2195. ಆಮೇಲೆ ಗಾಡಿ ಎತ್ತಿ ನೋಡಿದರೆ ಟರ್ಬೊ ಮತ್ತು ಕೆಳಗಿನ ಪೈಪ್ ಸೇರುವ ಗ್ಯಾಸ್ಕೆಟ್ ಹತ್ತಿರ ಕಪ್ಪು ಮಸಿ. ಅಲ್ಲಿಂದ ಹೊರಗಿನ ಗಾಳಿ ಒಳಗೆ ನುಸುಳಿ ಸೆನ್ಸರ್ ಮೂತಿಗೆ ಬಡಿಯುತ್ತಿತ್ತು. ಸೆನ್ಸರ್ ತಾನು ಕಂಡದ್ದನ್ನೇ ಹೇಳುತ್ತಿತ್ತು. ಆ ಸೆನ್ಸರ್ ದುಡ್ಡು ನನ್ನ ಜೇಬಿನಿಂದಲೇ ಹೋಯಿತು. ಅಂದಿನಿಂದ ಪಾರ್ಟ್ ತರಿಸುವ ಮೊದಲು ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, "ಟಿಕ್ ಟಿಕ್" ಸದ್ದು ಬರುತ್ತಿದೆಯಾ ಎಂದು ಕಿವಿ ಕೊಟ್ಟು ಕೇಳುತ್ತೇನೆ.

ಟರ್ಬೊ ಇರುವುದರಿಂದ ಬೇರೆ ಏನು ನೋಡಬೇಕು?

ಟರ್ಬೊದಿಂದ ಇಂಟರ್‌ಕೂಲರ್, ಅಲ್ಲಿಂದ ಥ್ರಾಟಲ್ ತನಕದ ಪೈಪುಗಳು. ಕ್ಲಾಂಪ್ ಸಡಿಲವಾದರೆ ಬೂಸ್ಟ್ ಬಂದಾಗ ಗಾಳಿ ಹೊರಗೆ ಹೋಗುತ್ತದೆ. ಎಂಎಎಫ್ (ಒಳಬರುವ ಗಾಳಿ ಅಳೆಯುವ ಸೆನ್ಸರ್) ಇರುವ ಗಾಡಿಯಲ್ಲಿ ಅಳೆದ ಗಾಳಿ ಇಂಜಿನ್ ತಲುಪುವುದಿಲ್ಲ, ಹಾಗಾಗಿ ರಿಚ್ ಆಗುತ್ತದೆ. ಎಂಎಪಿ (ಗಾಳಿಯ ಒತ್ತಡ ಅಳೆಯುವ ಸೆನ್ಸರ್) ಮಾತ್ರ ಇರುವ ಗಾಡಿಯಲ್ಲಿ ಪಿಕಪ್ ಇಲ್ಲ ಎಂಬ ದೂರು, ಜೊತೆಗೆ ಪಿ 0299 (ಬೂಸ್ಟ್ ಸಾಲದು) ಬರಬಹುದು. ಪೈಪಿನ ಹೊರಗೆ ಎಣ್ಣೆ ಒಸರಿದ ಗುರುತು ಕಂಡರೆ ಬೆರಳಿಟ್ಟು ನೋಡಿ.

ಟರ್ಬೊ ಸೀಲ್ ಹೋಗಿ ಎಣ್ಣೆ ಸೈಲೆನ್ಸರ್ ಕಡೆ ಹೋದರೆ ಸೆನ್ಸರ್ ಮೇಲೆ ಬೂದಿ ಕಟ್ಟುತ್ತದೆ. ಎಣ್ಣೆ ಮಟ್ಟ ಬೀಳುತ್ತಿದೆ, ನೀಲಿ ಹೊಗೆ ಇದೆ ಅಂದರೆ ಮೊದಲು ಅದನ್ನು ಸರಿಮಾಡಿಸಿ. ಇಲ್ಲದಿದ್ದರೆ ಹೊಸ ಸೆನ್ಸರಿಗೂ ಅದೇ ಗತಿ.

ರಸ್ತೆ ಮೇಲೆ ಸೆನ್ಸರ್ ಪರೀಕ್ಷೆ ಮಾಡುವ ದಾರಿ ಇದೆಯಾ?

ಘಾಟಿ ಇರುವ ಊರಿನವರಿಗೆ ಇದು ಪುಕ್ಕಟೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ, ಅಥವಾ ಮುಳ್ಳಯ್ಯನಗಿರಿ ಕಡೆಯಿಂದ ಕೈಮರಕ್ಕೆ ಇಳಿಯುವಾಗ, ಬಿಸಿಯಾದ ಗಾಡಿಯನ್ನು ಗೇರಿನಲ್ಲೇ ಇಟ್ಟು ಎಕ್ಸಿಲರೇಟರ್ ಪೂರ್ತಿ ಬಿಡಿ. ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ಸೈಲೆನ್ಸರಿನಲ್ಲಿ ಬರೀ ಗಾಳಿ. ಮುಂದಿನ ಸೆನ್ಸರ್ ಕೂಡಲೇ ಲೀನ್ ಕಡೆಯ ಕೊನೆಗೆ ಹಾರಬೇಕು, ಆ್ಯಪಿನಲ್ಲಿ 2ರ ಹತ್ತಿರ ಬಂದು ನಿಲ್ಲುತ್ತದೆ. ಹಿಂದಿನದು ಸ್ವಲ್ಪ ತಡೆದು ಸೊನ್ನೆ ವೋಲ್ಟ್ ಹತ್ತಿರ ಬೀಳಬೇಕು. ಮತ್ತೆ ಎಕ್ಸಿಲರೇಟರ್ ಒತ್ತಿದಾಗ ಮುಂದಿನದು ತಕ್ಷಣ 1ಕ್ಕೆ ಮರಳಬೇಕು. ಆಕಳಿಸಿಕೊಂಡು ಬಂದರೆ ಸೆನ್ಸರಿಗೆ ವಯಸ್ಸಾಗಿದೆ, ಪಿ 0133 ನಿಜ.

ಫೋನ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಚಾರ್ಮಾಡಿ ತಿರುವಿನಲ್ಲಿ ಗ್ರಾಫ್ ನೋಡುವ ಸಾಹಸ ಬೇಡ.

ಆ್ಯಪಿನಲ್ಲಿ ಗಾಳಿ ಒತ್ತಡ 89 ತೋರಿಸುತ್ತಿದೆ. 101 ಇರಬೇಕಲ್ವಾ?

101 ಕಿಲೊಪ್ಯಾಸ್ಕಲ್ ಸಮುದ್ರ ಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಮೇಲಿದೆ. ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ಇಲ್ಲಿ 89, ಹಾಸನದಲ್ಲಿ 90ರ ಆಸುಪಾಸು ಬರುತ್ತದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತುದಿಯಲ್ಲಿ 80. ಒತ್ತಡದ ಸೆನ್ಸರ್ ಸರಿ ಇದೆ, ಊರು ಎತ್ತರದಲ್ಲಿದೆ. ಗುಡ್ಡ ಹತ್ತಿದ್ದಕ್ಕೇ ಆಕ್ಸಿಜನ್ ಸೆನ್ಸರ್ ಕೋಡ್ ಬರುವುದಿಲ್ಲ. ಇಸಿಯು ಎತ್ತರಕ್ಕೆ ತಕ್ಕ ಲೆಕ್ಕ ಹಾಕಿಕೊಳ್ಳುತ್ತದೆ.

ಇ20 ಪೆಟ್ರೋಲಿನಿಂದ ಈ ಕೋಡ್ ಬರುತ್ತಿದೆಯಾ?

ಇ20 ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಅದಕ್ಕೆಂದೇ ಮಾಡಿದ ಗಾಡಿಯಲ್ಲಿ ಅದೊಂದೇ ಕಾರಣಕ್ಕೆ ಬರಬಾರದು. ಎಥನಾಲ್ ಒಳಗೇ ಆಕ್ಸಿಜನ್ ಇರುವುದರಿಂದ ಸರಿಯಾದ ಮಿಶ್ರಣಕ್ಕೆ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕು. ಇ10ಕ್ಕೆ ಸುಮಾರು 14.1 ಇದ್ದ ಅಳತೆ ಇ20ಗೆ 13.5ರ ಹತ್ತಿರ ಬರುತ್ತದೆ. ಅಂದರೆ ಟ್ರಿಮ್ ನಾಲ್ಕು ಪರ್ಸೆಂಟ್ ಏರಬಹುದು. ಗಾಡಿಗೆ ಅದು ಭಾರವಲ್ಲ. ಆದರೆ ಮೊದಲೇ ಸಣ್ಣ ಗಾಳಿ ಸೋರಿಕೆ ಇದ್ದು ಟ್ರಿಮ್ ಅಂಚಿನಲ್ಲಿದ್ದರೆ, ಈ ನಾಲ್ಕು ಪರ್ಸೆಂಟ್ ದಡ ದಾಟಿಸಬಹುದು.

ಎಸ್ಟೇಟಿನವರಿಗೆ ಒಂದು ಮಾತು. ಕಳೆ ಹೊಡೆಯುವ ಮಷೀನಿಗೆಂದು ಕ್ಯಾನಿನಲ್ಲಿ ಇಟ್ಟ ಪೆಟ್ರೋಲನ್ನು ಮಳೆಗಾಲ ಕಳೆದ ಮೇಲೆ ಕಾರಿಗೆ ಸುರಿಯಬೇಡಿ. ಎಥನಾಲ್ ನೀರು ಎಳೆಯುತ್ತದೆ. ನೀರು ಜಾಸ್ತಿಯಾದರೆ ನೀರೂ ಎಥನಾಲೂ ಸೇರಿ ತಳಕ್ಕೆ ಇಳಿಯುತ್ತದೆ, ಪಂಪ್ ಮೊದಲು ಕುಡಿಯುವುದು ಅದನ್ನೇ. ಅದರಲ್ಲಿ ಟು-ಟಿ ಆಯಿಲ್ ಬೆರೆಸಿದ್ದರಂತೂ ಕೇಳಲೇಬೇಡಿ.

ಮಳೆಗಾಲದಲ್ಲೇ ಯಾಕೆ ಜಾಸ್ತಿ ಬರುತ್ತದೆ?

ಕಪ್ಲರ್ ಒಳಗೆ ನೀರು ಹೋಗಿ ಪಿನ್ ಹಸಿರುಗಟ್ಟುತ್ತದೆ. ಕಾದ ಸೆನ್ಸರ್ ಮೇಲೆ ಹಳ್ಳದ ತಣ್ಣೀರು ಬಿದ್ದರೆ ಒಳಗಿನ ಪಿಂಗಾಣಿ ಬಿರುಕು ಬಿಡಬಹುದು. ಆಮೇಲೆ ವಾಟರ್ ಸರ್ವಿಸ್‌ನಲ್ಲಿ ಕೆಸರು ತೊಳೆಯುವ ಹುಡುಗರು ಪ್ರೆಷರ್ ಪೈಪನ್ನು ನೇರ ಬಾನೆಟ್ ಒಳಗೆ ಬಿಡುತ್ತಾರೆ. ಅಲ್ಲಿಂದ ಹೊರಬಂದ ಸಂಜೆಯೇ ಲೈಟ್ ಬಂದಿದ್ದರೆ, ತಣ್ಣಗಾದ ಮೇಲೆ ಕಪ್ಲರ್ ಬಿಚ್ಚಿ ಒಣಗಿಸಿ ನೋಡಿ.

ಸೆನ್ಸರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದರೆ ಸರಿಹೋಗುತ್ತದಾ?

ಇಲ್ಲ. ಮೇಲಿನ ಮಸಿ ಹೋಗಬಹುದು, ಒಳಗೆ ಇಳಿದ ವಿಷ ಹೋಗುವುದಿಲ್ಲ. ಬಿಚ್ಚಿದಾಗ ಬಣ್ಣ ಮಾತ್ರ ನೋಡಿಕೊಳ್ಳಿ: ಕಪ್ಪು ಮಸಿ ರಿಚ್ ಓಡಿದ್ದಕ್ಕೆ ಗುರುತು, ಬಿಳಿ ಪುಡಿ ಇದ್ದರೆ ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟ್ ಅಥವಾ ಕೂಲೆಂಟ್ ಒಳಗೆ ಹೋಗಿರಬಹುದು.

ಕೋಡ್ ಅಳಿಸಿದೆ, ಎರಡು ದಿನ ಬರಲಿಲ್ಲ. ಸರಿಹೋಯಿತಾ?

ಅಷ್ಟು ಬೇಗ ಹೇಳಲಾಗದು. ಇಂಥ ಹಲವು ತಪ್ಪುಗಳನ್ನು ಇಸಿಯು ಮೊದಲ ಸಲ ಪೆಂಡಿಂಗ್ ಎಂದು ಬರೆದಿಟ್ಟುಕೊಂಡು, ಮುಂದಿನ ಓಡಾಟದಲ್ಲೂ ಕಂಡರೆ ಮಾತ್ರ ಲೈಟ್ ಹಾಕುತ್ತದೆ. ಕೋಡ್ ಅಳಿಸಿದಾಗ ಪರೀಕ್ಷೆಗಳೂ ಮೊದಲಿನಿಂದ ಶುರು. ಆ್ಯಪಿನಲ್ಲಿ ರೆಡಿನೆಸ್ ಎಂಬಲ್ಲಿ ಆಕ್ಸಿಜನ್ ಸೆನ್ಸರ್ ಮತ್ತು ಕ್ಯಾಟಲಿಸ್ಟ್ ಎರಡೂ ಮುಗಿದಿದೆ ಎಂದು ತೋರಿಸಿ, ಪೆಂಡಿಂಗ್ ಏನೂ ಇಲ್ಲದಿದ್ದರೆ ಆಗ ನಂಬಿ. ಊರೊಳಗೆ ಐಜಿ ರೋಡ್ ಸುತ್ತಿದರೆ ಅದು ಮುಗಿಯುವುದು ಕಷ್ಟ. ಬೇಲೂರು ಮೇಲೆ ಹಾಸನಕ್ಕೆ ಒಂದು ಸಲ ಸಮ ವೇಗದಲ್ಲಿ ಹೋಗಿ ಬನ್ನಿ.

ಹಿಂದಿನ ಸೆನ್ಸರ್ ತೆಗೆಸಿ ಏನೋ ಬುಷ್ ಹಾಕಿದರೆ ಲೈಟ್ ಬರಲ್ಲ ಅಂತಾರೆ?

ಹೌದು, ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದರೆ ಅವನು ಕೂಗುವುದಿಲ್ಲ. ನಾನು ಆ ಕೆಲಸ ಮಾಡಿಕೊಡುವುದಿಲ್ಲ. ಬಿಎಸ್6 ಗಾಡಿಯಲ್ಲಿ ಅದು ಕಾನೂನಿಗೂ ವಿರುದ್ಧ. ಪಿ 0420 (ಕನ್ವರ್ಟರ್ ಕೆಲಸ ಸಾಲದು) ಬಂದಿದ್ದರೆ ಮೊದಲು ಎಕ್ಸಾಸ್ಟ್ ಸೋರಿಕೆ, ಮಿಸ್‌ಫೈರ್ ನೋಡಿಸಿ. ಅವೆರಡೂ ಇಲ್ಲದಿದ್ದರೆ ಮಾತ್ರ ಕನ್ವರ್ಟರ್ ಮಾತು.

ಬದಲಾಯಿಸಲೇಬೇಕು ಅಂತಾಯಿತು. ಯಾವುದು ತರಬೇಕು?

ಗಾಡಿಯ ಪಾರ್ಟ್ ನಂಬರಿಗೆ ಸರಿಯಾಗಿ ಹೊಂದುವುದು, ಕಪ್ಲರ್ ಸಮೇತ. ವೈರ್ ಕತ್ತರಿಸಿ ಜೋಡಿಸುವ ಯೂನಿವರ್ಸಲ್ ಸೆನ್ಸರ್ ವೈಡ್‌ಬ್ಯಾಂಡಿಗೆ ಬೇಡವೇ ಬೇಡ. ಬಾಷ್ ವೈಡ್‌ಬ್ಯಾಂಡಿನ ಕಪ್ಲರ್ ಒಳಗೇ ಆ ಸೆನ್ಸರಿಗೆ ಹೊಂದಿಸಿದ ಪುಟ್ಟ ರೆಸಿಸ್ಟರ್ ಇರುತ್ತದೆ. ಕಪ್ಲರ್ ಕತ್ತರಿಸಿ ಹಳೆಯದನ್ನು ಹಾಕಿದರೆ ಅಳತೆಯೇ ತಪ್ಪುತ್ತದೆ.

ಬಿಚ್ಚಲು 22ರ ಪಾನಾ, ಅಥವಾ ವೈರ್ ಹಾಯಲು ಸೀಳಿರುವ ಸಾಕೆಟ್. ಮರೆ (ಥ್ರೆಡ್) ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಹೊಸದರ ಮರೆಗೆ ಪೇಸ್ಟ್ ಹಚ್ಚಿಯೇ ಬಂದಿರುತ್ತದೆ. ಅದು ಮೂತಿಗೆ ತಾಗಬಾರದು. ಕೆಳಗೆ ಬೀಳಿಸಿದ ಸೆನ್ಸರನ್ನು ಹಾಕಬೇಡಿ, ಹೊರಗೆ ಏನೂ ಕಾಣದಿದ್ದರೂ.

ವಾರಂಟಿ ಇದೆ. ನೀವೇ ನೋಡಿಬಿಡಿ, ಅಲ್ಲಿಗೆ ಹೋಗೋಕೆ ಬೇಜಾರು.

ವಾರಂಟಿ ಇದ್ದರೆ ಕಂಪನಿ ಸರ್ವಿಸ್‌ಗೇ ಹೋಗಿ. ನಾನು ಒಂದು ವೈರ್ ಬಿಚ್ಚಿದರೂ ನಾಳೆ ಅದನ್ನೇ ನೆಪ ಮಾಡಿಯಾರು. ಕೋಡ್, ಫ್ರೀಜ್ ಫ್ರೇಮ್ ಫೋಟೋ ತೆಗೆದುಕೊಂಡು ಹೋಗಿ. ಇಲಿ ಕಡಿದದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಇನ್ಶೂರೆನ್ಸ್ ಪಾಲಿಸಿ ಓದಿ ನೋಡಿ.

ಡೀಸೆಲ್ ಗಾಡಿಗೂ ಇದೇ ಮಾತಾ?

ಫ್ಯೂಸ್, ವೈರ್, ಇಲಿ, ಕಪ್ಲರ್ ತನಕ ಇದೇ ಮಾತು. ಟ್ರಿಮ್ ಮತ್ತು ಲ್ಯಾಂಬ್ಡಾ 1ರ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ, ಡೀಸೆಲ್ ಹೆಚ್ಚಾಗಿ ಲೀನ್ ಓಡುತ್ತದೆ. ಬಿಎಸ್6 ಡೀಸೆಲಿನಲ್ಲಿ ನಾಕ್ಸ್ ಸೆನ್ಸರ್ (ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವುದು) ಎಂಬುದೂ ಇರಬಹುದು, ಅದರ ಕೋಡನ್ನು ಇದರ ಜೊತೆ ಬೆರೆಸಬೇಡಿ.

ಲೈಟ್ ಇದ್ದರೂ ಎಮಿಷನ್ ಟೆಸ್ಟ್ ಪಾಸಾಯಿತು. ಹೇಗೆ?

ಅವರು ಅಳೆಯುವುದು ಸೈಲೆನ್ಸರ್ ಬಾಯಿಯ ಹೊಗೆ, ಕೋಡ್ ಓದುವುದಿಲ್ಲ. ಹಿಂದಿನ ಸೆನ್ಸರ್ ಹೀಟರ್ ಕೆಟ್ಟಿದ್ದರೆ ಹೊಗೆ ಚೆನ್ನಾಗಿಯೇ ಇರಬಹುದು.

ಹೊಸ ಸೆನ್ಸರ್ ಹಾಕಿದ ಮೇಲೂ ಅದೇ ಕೋಡ್ ಬಂತು. ಈಗ?

ಹಳೇ ಸೆನ್ಸರ್ ಎಸೆಯಬೇಡಿ. ಅದನ್ನು ಒಂದು ಕವರಿನಲ್ಲಿ ಹಾಕಿ, ಬಿಲ್ಲು ಮತ್ತು ಫ್ರೀಜ್ ಫ್ರೇಮ್ ಫೋಟೋ ಜೊತೆ ತನ್ನಿ. ಹಳೆಯದರ ಓಮ್ ಮತ್ತು ಹೊಸದರ ಓಮ್ ಒಂದೇ ಬಂದರೆ ತಪ್ಪು ಬಹುಶಃ ವೈರಿನಲ್ಲಿದೆ. ಓಡಿಸಿಕೊಂಡು ಬಂದ ಇಂಜಿನ್ ಬಿಸಿಯಾಗಿರುತ್ತದೆ, ತಣ್ಣಗಾದ ಮೇಲೆಯೇ ನೋಡಬೇಕು. ಹಾಗಾಗಿ ಗಾಡಿ ಇಲ್ಲೇ ಬಿಟ್ಟು ಹೋಗಿ, ಮರುದಿನ ಬೆಳಗ್ಗೆ ಟಾರ್ಚ್ ಹಿಡಿದು ಕೂರುತ್ತೇನೆ.